ಹಬ್ಬದ ದಿನವೇ ಸಿಂಕ್ ಕಟ್ಟಿಕೊಳ್ಳುತ್ತದೆ, ಮೊದಲೇ ಏನು ಮಾಡಬಹುದು?

ಒಬ್ಬಟ್ಟು_ಪ್ರಿಯೆ:
ಗೌರಿ ಗಣೇಶ ಹಬ್ಬ ಹತ್ತಿರ ಬಂತು. ನಮ್ಮದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಮಾಮೂಲಿ ದಿನಗಳಲ್ಲಿ ಸಿಂಕ್ ಚೆನ್ನಾಗೇ ಇರುತ್ತದೆ. ಹಬ್ಬ ಬಂತೆಂದರೆ ನೀರು ಇಳಿಯುವುದಿಲ್ಲ, ಅದೂ ನೆಂಟರು ಊಟಕ್ಕೆ ಕೂತ ಹೊತ್ತಿಗೇ. ಆ ದಿನ ಪ್ಲಂಬರ್ ಫೋನ್ ಎತ್ತುವುದಿಲ್ಲ, ಪಾಪ ಅವರ ಮನೆಯಲ್ಲೂ ಹಬ್ಬ ಅಲ್ವಾ. ನಮ್ಮತ್ತೆ ಕುದಿಯುವ ನೀರು ಸುರಿ ಅನ್ನುತ್ತಾರೆ. ನಮ್ಮ ಯಜಮಾನರು ಅಂಗಡಿಯಿಂದ ಯಾವುದೋ ಪುಡಿ ತಂದಿಟ್ಟಿದ್ದಾರೆ. ಯೂಟ್ಯೂಬ್ ನೋಡಿದರೆ ಎಲ್ಲದಕ್ಕೂ ಅಡಿಗೆ ಸೋಡಾ, ವಿನೆಗರ್. ಕಟ್ಟಿಕೊಂಡ ಮೇಲೆ ಏನು ಮಾಡಬೇಕು ಅಂತಲ್ಲ, ಕಟ್ಟಿಕೊಳ್ಳದ ಹಾಗೆ ಏನು ಮಾಡಬೇಕು ಹೇಳಿ. ಜಾಲಿ ಆಗಲೇ ಹಾಕಿದ್ದೇವೆ.

ನಲ್ಲಿ_ನೀರು:
ನಾನು ನಮ್ಮ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ, ಹಾಗಾಗಿ ಯಾರ ಮನೆಯ ಪೈಪಿನಲ್ಲಿ ಏನಿರುತ್ತದೆ ಅಂತ ಬೇಕಿಲ್ಲದಿದ್ದರೂ ಗೊತ್ತಾಗುತ್ತದೆ 😀

ಜಾಲಿ ಹಿಡಿಯುವುದು ಕರಿಬೇವು, ಅನ್ನದ ಅಗುಳು, ಇಂಥದ್ದನ್ನು ಮಾತ್ರ. ಹಬ್ಬದ ದಿನ ತೊಂದರೆ ಕೊಡುವುದು ಜಾಲಿ ದಾಟಿ ಹೋಗುವ ವಸ್ತು. ತುಪ್ಪ ಬಾಣಲೆಯಲ್ಲಿ ನೀರಾಗಿರುತ್ತದೆ, ಆದರೆ ಬೆಂಗಳೂರಿನ ಆಗಸ್ಟ್ ಸೆಪ್ಟೆಂಬರ್ ತಂಪಿಗೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಇನ್ನು ಪೈಪಿನಲ್ಲಿ ಸುಮ್ನೆ ಇರುತ್ತಾ? ಕೊಬ್ಬರಿ ಎಣ್ಣೆಯೂ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆ ಜಿಡ್ಡು ಪೈಪಿನ ಒಳಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಕಣಕದ ಮೈದಾ, ಕಡುಬಿನ ಅಕ್ಕಿಹಿಟ್ಟು, ಹೂರಣದ ಬೇಳೆ, ತೆಂಗಿನ ತುರಿ ಒಂದೊಂದಾಗಿ ಕೂರುತ್ತವೆ. ಗೋಡೆಗೆ ಪೋಸ್ಟರ್ ಅಂಟಿಸುವವರು ಮೈದಾ ಬೇಯಿಸಿಯೇ ಅಂಟು ಮಾಡುತ್ತಾರೆ, ನೆನಪಿರಲಿ. ಪಾತ್ರೆ ಉಜ್ಜಲು ತೆಂಗಿನ ನಾರು ಬಳಸುವವರಾದರೆ ಅದರ ಎಳೆಗಳೂ ಸೇರಿ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತವೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು, ಜಿಡ್ಡು ಸೇರಿ ಬಿಳಿ ಕೆನೆಯಂಥದ್ದು ಬೇರೆ ಕಟ್ಟುತ್ತದೆ.

ಹಬ್ಬಕ್ಕೆ ಒಂದು ವಾರ ಮುಂಚೆ ಸಿಂಕ್ ಕೆಳಗಿನ ಬಾಟಲ್ ಟ್ರ್ಯಾಪ್ (ಪೈಪಿನಲ್ಲಿ ಬಾಟಲಿಯಂತೆ ಕಾಣುವ, ಸ್ವಲ್ಪ ನೀರು ನಿಲ್ಲುವ ಭಾಗ) ಬಿಚ್ಚಿ ತೊಳೆಯಿರಿ. ಕೆಳಗೊಂದು ಬಕೆಟ್ ಇಟ್ಟು ಅದರ ಬುಡದ ಬಟ್ಟಲಿನಂಥ ಭಾಗವನ್ನು ಕೈಯಲ್ಲೇ ತಿರುಗಿಸಿದರೆ ಸಾಕು, ಬರುತ್ತದೆ. ವಾಸನೆಗೆ ಸಿದ್ಧರಾಗಿರಿ. ರಬ್ಬರ್ ವಾಷರ್ ಕಳೆಯಬೇಡಿ. ಟ್ರ್ಯಾಪ್ ಇಲ್ಲದೆ ಬರೀ ಮಡಿಕೆ ಮಡಿಕೆಯ ಪ್ಲಾಸ್ಟಿಕ್ ಪೈಪ್ ಇದ್ದರೆ ಅದರ ಪ್ರತಿ ಮಡಿಕೆಯಲ್ಲೂ ಹಿಟ್ಟು ಕೂರುತ್ತದೆ, ಈಗಲೇ ಹೊಸದು ಹಾಕಿಸಿ.

ಅಡಿಗೆ ದಿನ ಪಾತ್ರೆಯನ್ನು ಸೀದಾ ಸಿಂಕಿಗೆ ಹಾಕಬೇಡಿ, ಅಷ್ಟೇ. ಕಣಕ ನೆನೆಸಿದ ಪಾತ್ರೆಯನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ. ಬೇಳೆ ಬಸಿದ ಕಟ್ಟು ಹೇಗೂ ಒಬ್ಬಟ್ಟಿನ ಸಾರಿಗೆ ಹೋಗುತ್ತದೆ, ಆದರೆ ಕುಕ್ಕರಿನ ತಳದಲ್ಲಿ ಉಳಿದ ಬೇಳೆಯನ್ನು ಚಮಚದಲ್ಲಿ ಕೆರೆದು ಹಸಿಕಸಕ್ಕೆ ಹಾಕಿ.

ಮಲೆನಾಡ_ಮಾಣಿ:
ನಮ್ಮ ಊರಿನ ಮನೆಯಲ್ಲಿ ಇದೆಲ್ಲ ಇರಲೇ ಇಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಕೆಟಿಗೆ, ಅಲ್ಲಿಂದ ಕೊಟ್ಟಿಗೆಗೆ. ಮೂರನೇ ಮಹಡಿಯಲ್ಲಿ ದನ ಕಟ್ಟಿ ಅನ್ನುತ್ತಿಲ್ಲ, ಆದರೆ ಆ ಬಕೆಟ್ ಇಡಬಹುದಲ್ವಾ? ಪಾತ್ರೆಯ ಮೊದಲ ನೀರು ಬಕೆಟಿಗೆ ಹೋಗಲಿ. ಆಮೇಲೆ ಹಳೇ ಬಟ್ಟೆಯಲ್ಲಿ ಸೋಸಿ, ಗಟ್ಟಿ ಹಸಿಕಸಕ್ಕೆ, ನೀರು ಸಿಂಕಿಗೆ.

ಅಜ್ಜಿ ಕುದಿಯುವ ನೀರು ಸುರಿಯುತ್ತಿದ್ದರು, ಏನೂ ಆಗುತ್ತಿರಲಿಲ್ಲ. ನಿಮ್ಮತ್ತೆ ಹೇಳುವುದು ಸರಿ.

ನಲ್ಲಿ_ನೀರು:
ಬಕೆಟ್ ಒಪ್ಪಿದೆ, ಕುದಿಯುವ ನೀರು ಒಪ್ಪಲ್ಲ. ನಿಮ್ಮ ಅಜ್ಜಿ ಸುರಿಯುತ್ತಿದ್ದದ್ದು ಕಲ್ಲಿನ ಬಚ್ಚಲಿಗೆ ಇರಬೇಕು. ಇಲ್ಲಿರುವುದು ಪಿವಿಸಿ ಪ್ಲಾಸ್ಟಿಕ್ ಪೈಪ್, ಸುಮಾರು 80 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ, ಜಾಯಿಂಟ್ ಸಡಿಲವಾಗಿ ಸೋರುತ್ತದೆ. ಇನ್ನೊಂದು ವಿಷಯ, ಬಿಸಿನೀರು ಜಿಡ್ಡನ್ನು ಕರಗಿಸಿ ಮುಂದಕ್ಕೆ ತಳ್ಳುತ್ತದೆ, ಅಲ್ಲಿ ತಣ್ಣಗಾಗಿ ಮತ್ತೆ ಕೂರುತ್ತದೆ. ನಿಮ್ಮ ಕೈಗೆ ಸಿಗುವ ಟ್ರ್ಯಾಪಿನಲ್ಲಿ ಇದ್ದದ್ದು ಯಾರ ಕೈಗೂ ಸಿಗದ ಜಾಗಕ್ಕೆ ಹೋಯಿತು, ಅಷ್ಟೇ ಲಾಭ. ಕೈ ತಡೆಯುವಷ್ಟು ಬಿಸಿ ಇರುವ ನೀರು, ಜೊತೆಗೆ ಪಾತ್ರೆ ತೊಳೆಯುವ ಸೋಪು, ಸಾಕು.

ರಸಾಯನ_ಮೇಷ್ಟ್ರು:
ಸೋಡಾ ಮತ್ತು ವಿನೆಗರ್ ಸೇರಿದರೆ ನೊರೆ ಬರುತ್ತದೆ, ನೋಡಲು ಚೆನ್ನ. ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಒಂದನ್ನೊಂದು ಮುಗಿಸಿ ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಜಿಡ್ಡು ಇದ್ದಲ್ಲೇ ಇರುತ್ತದೆ.

ಅಂಗಡಿ ಪುಡಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸೋಪು ಮಾಡುತ್ತದೆ ನಿಜ, ಆದರೆ ನೀರಿಗೆ ಬಿದ್ದ ಕೂಡಲೇ ಭಾರೀ ಬಿಸಿಯಾಗುತ್ತದೆ. ಪೂರ್ತಿ ಕಟ್ಟಿ ನೀರು ನಿಂತ ಸಿಂಕಿಗೆ ಹಾಕಿದರೆ ಮುಖಕ್ಕೆ ಸಿಡಿಯಬಹುದು. ಆಸಿಡ್ ಅಥವಾ ಬ್ಲೀಚ್ ಜೊತೆ ಖಂಡಿತ ಬೇಡ. ಅಲ್ಯೂಮಿನಿಯಂ ಪಾತ್ರೆ ಸಿಂಕಿನಲ್ಲಿದ್ದರೆ ಮೊದಲು ತೆಗೆಯಿರಿ, ಕಾಸ್ಟಿಕ್ ತಾಗಿದರೆ ಹೈಡ್ರೋಜನ್ ಅನಿಲ ಹೊರಡುತ್ತದೆ. ಪುಡಿ ಹಾಕಿದ್ದರೆ ಆಮೇಲೆ ಪೈಪ್ ಬಿಚ್ಚಲು ಬರುವ ಪ್ಲಂಬರ್‌ಗೆ ಹೇಳಿ, ಅವರ ಕೈ ಸುಡುತ್ತದೆ. ಮನೆ ತುಂಬ ಮಕ್ಕಳಿರುವ ದಿನ ಅದರ ಡಬ್ಬಿಯನ್ನೇ ಮುಟ್ಟಬೇಡಿ. ಕಟ್ಟಿಕೊಂಡರೆ ಒತ್ತಿ ಬಿಡಿಸಲು ರಬ್ಬರ್ ಪಂಪ್ ಒಂದು ಇಟ್ಟುಕೊಳ್ಳಿ.

ಒಬ್ಬಟ್ಟು_ಪ್ರಿಯೆ:
ಥ್ಯಾಂಕ್ಸ್, ಪುಡಿ ಅಟ್ಟಕ್ಕೆ ಹೋಯಿತು. ಇನ್ನೆರಡು ಅನುಮಾನ. ಪಾತ್ರೆ ತೊಳೆಯುವುದು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ, ಅವರು ಹಬ್ಬದ ದಿನ ಇನ್ನೂ ಐದಾರು ಮನೆಗೆ ಹೋಗಬೇಕು, ಒರೆಸುತ್ತಾ ಕೂರಿ ಅಂತ ಹೇಗೆ ಹೇಳುವುದು? ಮತ್ತೆ ಚಕ್ಕುಲಿ ಕರಿದ ಎಣ್ಣೆ ಎಲ್ಲಿಗೆ ಹಾಕುವುದು?

ಗ್ರೌಂಡ್_ಫ್ಲೋರ್:
ಅವರಿಗೆ ಹೇಳಬೇಡಿ, ಉಂಡವರು ಒರೆಸಿ. ಹಬ್ಬದ ಬಾಣಲೆಯನ್ನು ಹಾಗೇ ಸಿಂಕಿಗೆ ನೂಕಿ ಟಿವಿ ಮುಂದೆ ಕೂರುವ ಗಂಡಸರಿಗೆ ಇದು ಒಳ್ಳೆ ಕೆಲಸ.

ಮೇಲಿನ ಎಲ್ಲ ಮನೆಗಳ ಅಡಿಗೆಮನೆ ನೀರು ಒಂದೇ ಪೈಪಿನಲ್ಲಿ ಇಳಿಯುತ್ತದೆ. ಅದು ಬುಡದಲ್ಲಿ ಕಟ್ಟಿದರೆ ನೀವು ತೊಳೆದ ನೀರು ನಮ್ಮ ಸಿಂಕಿನಲ್ಲಿ ಮೇಲೆ ಬರುತ್ತದೆ. ನಿಮ್ಮಲ್ಲಿ ಟ್ರ್ಯಾಪ್ ಬಿಚ್ಚಿ ತೊಳೆದ ಮೇಲೂ ನೀರು ನಿಧಾನವಾದರೆ, ಅಥವಾ ನೀವು ನಲ್ಲಿ ಬಿಡದೆಯೇ ಸಿಂಕಿನಲ್ಲಿ ಗುಳುಗುಳು ಸದ್ದು ಬಂದರೆ, ತೊಂದರೆ ನಿಮ್ಮ ಟ್ರ್ಯಾಪಿನದ್ದಲ್ಲ, ಆ ದೊಡ್ಡ ಪೈಪಿನದ್ದಿರಬಹುದು. ಆಗ ಪಂಪ್ ಹೊಡೆಯುತ್ತಾ ಕೂರಬೇಡಿ, ಅಸೋಸಿಯೇಷನ್‌ಗೆ ಹೇಳಿ ಕೆಳಗಿನ ಚೇಂಬರ್ (ಆ ಪೈಪ್ ಬಂದು ಸೇರುವ ಗುಂಡಿ) ತೆಗೆಸಿ. ಹಬ್ಬಕ್ಕೆ ಮುಂಚೆ.

ಎಣ್ಣೆ ಆರಿದ ಮೇಲೆ ಸೋಸಿ ಹಳೇ ಬಾಟಲಿಗೆ ತುಂಬಿಡಿ, ಯಾವ ಕಾರಣಕ್ಕೂ ಸಿಂಕಿಗೆ ಬೇಡ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ರೂಕೋ ಅಂತ ಒಂದು ಕಾರ್ಯಕ್ರಮ ಶುರು ಮಾಡಿದೆ. ಒಂದು ಮನೆಯ ಅರ್ಧ ಲೀಟರಿಗೆ ಯಾರೂ ಬರುವುದಿಲ್ಲ, ಆದರೆ ಇಡೀ ಅಪಾರ್ಟ್‌ಮೆಂಟಿನದ್ದು ಒಂದು ಕ್ಯಾನಿನಲ್ಲಿ ಸೇರಿಸಿಟ್ಟರೆ ತೆಗೆದುಕೊಂಡು ಹೋಗುವವರನ್ನು ಹುಡುಕುವುದು ಸುಲಭ. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತೇ ಕೇಳಿ ನೋಡಿ. ಕ್ಯಾನ್ ಇಡಲು ಜಾಗ ಬೇಕಾದರೆ ಕೆಳಗಿನ ಮನೆಯವರು ಖಂಡಿತ ಕೊಡುತ್ತಾರೆ, ನಾನಾದರೆ ಕೊಡುತ್ತೇನೆ.