ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು: ಸ್ಥಾನ 20 ಆರ್ಕ್‌ಮಿನಿಟ್ ಆಚೆ, ಹೊಳಪು 4 ಮ್ಯಾಗ್ನಿಟ್ಯೂಡ್ ಜಾಸ್ತಿ. ಎಲ್ಲಿ ಹುಡುಕಲಿ?

ಕೋಟೆಬಾನು:

ಎಲ್ಲರಿಗೂ ನಮಸ್ಕಾರ. 2024ರ ಅಕ್ಟೋಬರ್‌ನಲ್ಲಿ ಸಂಜೆ ಪಶ್ಚಿಮದಲ್ಲಿ ಕಂಡ ತ್ಸುಚಿನ್‌ಶಾನ್–ಅಟ್ಲಾಸ್ (ಸಿ/2023 ಎ3) ಧೂಮಕೇತುವಿನ ಫೋಟೋಗಳು ನನ್ನ ಹತ್ತಿರ ಇವೆ. ಚಿತ್ರದುರ್ಗದ ಹೊರಗಿನ ಬಯಲಲ್ಲಿ 135 ಎಂಎಂ ಲೆನ್ಸ್‌ನಿಂದ ತೆಗೆದದ್ದು. 13ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಮೋಡ ಬಿಟ್ಟುಕೊಟ್ಟ ಸಂಜೆಗಳೆಲ್ಲ ಇವೆ. ಇವನ್ನು ಇಟ್ಟುಕೊಂಡು ಕಕ್ಷೆ ಮತ್ತು ಹೊಳಪಿನ ಗ್ರಾಫ್ ಮಾಡಬೇಕು ಅಂತ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ.

ಮೂರು ತೊಂದರೆ ಇವೆ. ಪ್ರೋಗ್ರಾಂ ಹೇಳುವ ಸ್ಥಾನ ಪ್ರತಿ ಫೋಟೋದಲ್ಲೂ ಸುಮಾರು 20 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಪೂರ್ವಕ್ಕೆ ಬೀಳುತ್ತಿದೆ. ಹೊಳಪು 13ರಂದು ನಾನು ಅಳೆದದ್ದಕ್ಕಿಂತ 4 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಕಡಿಮೆ ಆದಷ್ಟೂ ಹೊಳಪು ಜಾಸ್ತಿ) ಜಾಸ್ತಿ ಬರುತ್ತದೆ. ತಿಂಗಳ ಕೊನೆಗೆ ಆ ವ್ಯತ್ಯಾಸ ಒಂದರ ಒಳಗೆ ಇಳಿಯುತ್ತದೆ. ಇನ್ನೊಂದು, ಕಕ್ಷೆಯ ಆಕಾರ ಹೇಳುವ ಇ (ಉತ್ಕೇಂದ್ರತೆ) ಬೆಲೆ 1ಕ್ಕಿಂತ ಚೂರು ಜಾಸ್ತಿ ಇದೆ. ಅದನ್ನು ಹಾಗೇ ಕೊಟ್ಟರೆ ಪ್ರೋಗ್ರಾಂ ನಿಂತುಬಿಡುತ್ತದೆ. ಸದ್ಯಕ್ಕೆ 0.99999 ಹಾಕಿ ಓಡಿಸುತ್ತಿದ್ದೇನೆ. ಹೊಳಪಿಗೆ ಸ್ಲೋಪ್ (ಸೂರ್ಯನ ದೂರದ ಜೊತೆ ಹೊಳಪು ಎಷ್ಟು ಬೇಗ ಬದಲಾಗುತ್ತದೆ ಅನ್ನುವ ಅಂಕಿ) 10 ಕೊಟ್ಟಿದ್ದೇನೆ. ಕ್ಯಾಮೆರಾ ಗಡಿಯಾರ ತಪ್ಪಿರಬಹುದಾ?

ಗಣಿತಮೇಷ್ಟ್ರು:

ಗಡಿಯಾರ ಅಲ್ಲ. ನೀವು ಕೊಟ್ಟ ವಿವರದಲ್ಲೇ ಅದಕ್ಕೆ ಸಾಕ್ಷಿ ಇದೆ. ತಪ್ಪು ಎಷ್ಟು ದೊಡ್ಡದು ಅನ್ನುವುದಕ್ಕಿಂತ ದಿನದಿಂದ ದಿನಕ್ಕೆ ಅದು ಹೇಗೆ ಬದಲಾಗುತ್ತದೆ ಅಂತ ಮೊದಲು ನೋಡಬೇಕು.

ಈ ಧೂಮಕೇತು ಭೂಮಿಗೆ ಅತಿ ಹತ್ತಿರ ಬಂದದ್ದು ಅಕ್ಟೋಬರ್ 12ರಂದು, 0.47 ಎಯು ದೂರಕ್ಕೆ (1 ಎಯು ಅಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ). ಆ ದಿನಗಳಲ್ಲಿ ಅದು ಆಕಾಶದಲ್ಲಿ ದಿನಕ್ಕೆ ನಾಲ್ಕೈದು ಡಿಗ್ರಿ ಓಡುತ್ತಿತ್ತು. ಭಾರತೀಯ ಸಮಯವನ್ನೇ ಯುಟಿ (ಗ್ರೀನ್‌ವಿಚ್ ಸಮಯ) ಅಂತ ಕೊಟ್ಟಿದ್ದರೆ ಐದೂವರೆ ಗಂಟೆ ಹೆಚ್ಚುಕಡಿಮೆಯಾಗಿ, ಸ್ಥಾನ ಸುಮಾರು ಒಂದು ಡಿಗ್ರಿ ತಪ್ಪಬೇಕಿತ್ತು. ಆಮೇಲೆ ಧೂಮಕೇತು ನಿಧಾನವಾದ ಹಾಗೆ ತಪ್ಪೂ ಕಡಿಮೆ ಆಗಬೇಕಿತ್ತು. ನಿಮ್ಮದು ಹಾಗಿಲ್ಲ. ಮೊದಲಿಂದ ಕೊನೆಯವರೆಗೆ ಅದೇ 20, ಅದೇ ಪೂರ್ವ. ಹಾಗಾದರೆ ಧೂಮಕೇತು ತಪ್ಪಿಲ್ಲ, ಅಳೆಯುವ ಜಾಲರಿಯೇ ಸರಿದಿದೆ.

ಭೂಮಿಯ ಅಕ್ಷ ತೂಗಾಡುವುದರಿಂದ ನಕ್ಷತ್ರಗಳ ನಿರ್ದೇಶಾಂಕ ವರ್ಷಕ್ಕೆ ಸುಮಾರು 50 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ 60ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಸರಿಯುತ್ತದೆ. 2000ದಿಂದ 2024ರ ಕೊನೆಗೆ ಲೆಕ್ಕ ಹಾಕಿ, ಹೆಚ್ಚುಕಡಿಮೆ 21 ಆರ್ಕ್‌ಮಿನಿಟ್ ಬರುತ್ತದೆ. ಫೋಟೋವನ್ನು ನಕ್ಷತ್ರಗಳ ಜೊತೆ ಹೊಂದಿಸುವ ಅಸ್ಟ್ರೋಮೆಟ್ರಿ ಡಾಟ್ ನೆಟ್‌ನಂಥ ಸಾಧನಗಳು ಜೆ2000, ಅಂದರೆ 2000ನೇ ಇಸವಿಯ ನಿರ್ದೇಶಾಂಕ ಕೊಡುತ್ತವೆ. ನಿಮ್ಮ ಪ್ರೋಗ್ರಾಂ ಕೊನೆಯಲ್ಲಿ ಆ ದಿನದ ನಿರ್ದೇಶಾಂಕಕ್ಕೆ ಬದಲಾಯಿಸುತ್ತಿರಬೇಕು. ಟೆಲಿಸ್ಕೋಪ್ ತಿರುಗಿಸಲು ಬರೆದ ಕೋಡ್‌ಗಳಲ್ಲಿ ಆ ಸಾಲು ಸಾಮಾನ್ಯವಾಗಿ ಇರುತ್ತದೆ. ಅದನ್ನು ತೆಗೆದು ನೋಡಿ.

ಹೊಳಪಿನದು ಇದಕ್ಕಿಂತ ಸ್ವಾರಸ್ಯ. ಸೂತ್ರವನ್ನು ಎರಡು ಥರ ಬರೆಯುತ್ತಾರೆ. ಮೈನರ್ ಪ್ಲಾನೆಟ್ ಸೆಂಟರ್‌ನ ಧೂಮಕೇತು ಫೈಲ್‌ನಲ್ಲಿ ಸ್ಲೋಪ್ ಅಂದರೆ ಎನ್, ಸಾಮಾನ್ಯವಾಗಿ 4. ಅದನ್ನು 2.5ರಿಂದ ಗುಣಿಸಿ, ಆಮೇಲೆ ಸೂರ್ಯನ ದೂರದ ಲಾಗ್‌ನಿಂದ ಗುಣಿಸಬೇಕು. ನಾಸಾದ ಜೆಪಿಎಲ್ ಹೊರೈಜನ್ಸ್ ಸೇವೆ ಕೊಡುವ ಕೆ1 ಹಾಗಲ್ಲ, ಅದು ನೇರವಾಗಿ ಲಾಗ್‌ನ ಗುಣಕ. 2.5 ಗುಣಿಸು 4 ಅಂದರೆ 10 ತಾನೇ? ನೀವು 10 ಕೊಟ್ಟಿದ್ದೀರಿ, ಪ್ರೋಗ್ರಾಂ ಅದನ್ನು ಮತ್ತೆ 2.5ರಿಂದ ಗುಣಿಸಿದೆ. 10 ಇರಬೇಕಾದ ಕಡೆ 25 ಆಗಿದೆ.

ಅಕ್ಟೋಬರ್ 13ರ ಹೊತ್ತಿಗೆ ಧೂಮಕೇತು ಸೂರ್ಯನಿಂದ 0.56 ಎಯು ದೂರದಲ್ಲಿತ್ತು. ಅದರ ಲಾಗ್ ಮೈನಸ್ 0.25. ಹೆಚ್ಚಾದ 15ರಿಂದ ಗುಣಿಸಿದರೆ ಮೈನಸ್ 3.8, ಅಂದರೆ ಸುಮ್ನೆ 33 ಪಟ್ಟು ಹೊಳಪು! 30ರಂದು ದೂರ ಸುಮಾರು 0.9 ಎಯು. ಆಗ ವ್ಯತ್ಯಾಸ ಬರೀ 0.7. ಸರಿಯಾಗಿ 1 ಎಯು ದೂರದಲ್ಲಿ ಲಾಗ್ ಸೊನ್ನೆ, ಸ್ಲೋಪ್ ಏನೇ ಕೊಟ್ಟರೂ ಉತ್ತರ ಒಂದೇ. ವ್ಯತ್ಯಾಸ 1 ಎಯು ಹತ್ತಿರ ಮಾಯವಾಗಿ, ಅದನ್ನು ದಾಟಿದ ಮೇಲೆ ತಿರುಗಿಕೊಂಡರೆ ಕಣ್ಣುಮುಚ್ಚಿ ಸ್ಲೋಪ್ ಮೇಲೆ ಬೆರಳಿಡಬಹುದು.

ಇ ವಿಷಯ. 1ಕ್ಕಿಂತ ಜಾಸ್ತಿ ಅಂದರೆ ಹೈಪರ್‌ಬೋಲ, ಸುತ್ತಿ ಮುಚ್ಚಿಕೊಳ್ಳದ ಕಕ್ಷೆ. ದೀರ್ಘವೃತ್ತಕ್ಕೆ ಬರೆದ ಕೆಪ್ಲರ್ ಸಮೀಕರಣ ಅಲ್ಲಿ ನಡೆಯುವುದಿಲ್ಲ, ಋಣ ಸಂಖ್ಯೆಯ ವರ್ಗಮೂಲ ಬಂದು ನಿಲ್ಲುತ್ತದೆ. ಆದರೆ ಇ ಒಂದನ್ನೇ ತಿದ್ದಬೇಡಿ. ಕಕ್ಷೆಯ ಅಂಕಿಗಳೆಲ್ಲ ಒಟ್ಟಿಗೆ ಹೊಂದಿಸಿ ಬಂದದ್ದು, ಒಂದನ್ನು ಎಳೆದರೆ ಉಳಿದವು ಹೊಂದುವುದಿಲ್ಲ. ಯೂನಿವರ್ಸಲ್ ವೇರಿಯಬಲ್ ವಿಧಾನ ಬಳಸಿ. ದೀರ್ಘವೃತ್ತ, ಪ್ಯಾರಾಬೋಲ, ಹೈಪರ್‌ಬೋಲ ಮೂರಕ್ಕೂ ಅದೊಂದೇ ಸಾಕು.

ಕೋಟೆಬಾನು:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್! ಕೊನೆಯಲ್ಲಿ ಆ ಸಾಲು ಇತ್ತು, ತೆಗೆದೆ. ಎನ್ 4 ಮಾಡಿದೆ. ಕೆಪ್ಲರ್ ಭಾಗವನ್ನು ಬೇರೆ ಬರೆದೆ. ಸ್ಥಾನ ಈಗ 13ರ ಫೋಟೋದಲ್ಲಿ ಒಂದು ಆರ್ಕ್‌ಮಿನಿಟ್‌ನಷ್ಟು ಮಾತ್ರ ತಪ್ಪುತ್ತದೆ, ತಿಂಗಳ ಕೊನೆಗೆ ಇನ್ನೂ ಕಡಿಮೆ. ಇ 1 ದಾಟಿದೆ ಅಂದರೆ ಇದು ಬೇರೆ ನಕ್ಷತ್ರದ ಕಡೆಯಿಂದ ಬಂದದ್ದಾ?

ಗಣಿತಮೇಷ್ಟ್ರು:

ಅಲ್ಲ. ಇ ಸುಮಾರು 1.0001 ಅಷ್ಟೇ. ಸೌರಮಂಡಲದ ಅಂಚಿನ ಊರ್ಟ್ ಮೋಡದಿಂದ ಬಂದವು ಹೆಚ್ಚುಕಡಿಮೆ 1ರಲ್ಲೇ ಇರುತ್ತವೆ. ಗ್ರಹಗಳ ಸೆಳೆತಕ್ಕೆ ಆಚೆ ಈಚೆ ಆಗುತ್ತವೆ. 2025ರಲ್ಲಿ ಸಿಕ್ಕ 3ಐ/ಅಟ್ಲಾಸ್‌ನ ಇ 6ಕ್ಕೂ ಜಾಸ್ತಿ. ಹೊರಗಿನಿಂದ ಬಂದದ್ದು ಅಂದರೆ ಅದು.

ಈಗ ಉಳಿದ ತಪ್ಪು ವೇಗದ ಜೊತೆ ಕಡಿಮೆ ಆಗುತ್ತಿದೆ, ಅಲ್ವಾ? ಹಾಗಾದರೆ ಇದು ಸಮಯದ್ದು. 0.47 ಎಯು ದಾಟಲು ಬೆಳಕಿಗೆ ಸುಮಾರು 4 ನಿಮಿಷ ಬೇಕು. ನಿಮಗೆ ಕಾಣುವುದು 4 ನಿಮಿಷ ಹಿಂದಿನ ಧೂಮಕೇತು. ಭೂಮಿಯನ್ನು ಫೋಟೋ ತೆಗೆದ ಕ್ಷಣದಲ್ಲೇ ಇಟ್ಟು, ಧೂಮಕೇತುವನ್ನು ಮಾತ್ರ ಅಷ್ಟು ಹಿಂದಕ್ಕೆ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ. ಆಮೇಲೆ ಉಳಿಯುವುದರಲ್ಲಿ, ಭೂಮಿಯ ನಡುವಿನಿಂದ ನೋಡುವುದಕ್ಕೂ ಚಿತ್ರದುರ್ಗದಿಂದ ನೋಡುವುದಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ 19 ಆರ್ಕ್‌ಸೆಕೆಂಡ್.

ಬೈನಾಕ್ಯುಲರ್‌ಪ್ರಿಯೆ:

ಹೊಳಪಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ ಸರ್. ಸ್ಲೋಪ್ ಸರಿ ಮಾಡಿದ ಮೇಲೂ ಅರ್ಧ, ಒಂದು ಮ್ಯಾಗ್ನಿಟ್ಯೂಡ್ ಆಚೀಚೆ ಆಗುತ್ತಿರಬೇಕಲ್ಲ?

ಕೋಟೆಬಾನು:

ಹೌದು ಮೇಡಂ, ಆಗುತ್ತಿದೆ. ಈಗಲೂ ನನ್ನ ಅಳತೆಯೇ ಮಂಕು. ದಿಗಂತಕ್ಕೆ ಹತ್ತಿರ ಇದ್ದ ಫೋಟೋಗಳಲ್ಲಿ ಜಾಸ್ತಿ.

ಬೈನಾಕ್ಯುಲರ್‌ಪ್ರಿಯೆ:

ಅದು ಗಾಳಿಯ ಕೆಲಸ. 10 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಗಿಂತ ಐದೂವರೆ ಪಟ್ಟು ಗಾಳಿ ದಾಟಿ ಬರಬೇಕು. ಸ್ವಚ್ಛ ಗಾಳಿಯಲ್ಲೂ ಒಂದು ಮ್ಯಾಗ್ನಿಟ್ಯೂಡ್‌ಗಿಂತ ಜಾಸ್ತಿ ನುಂಗುತ್ತದೆ. ಹಾಗಾಗಿ ಹೋಲಿಸುವ ನಕ್ಷತ್ರ ಅದೇ ಫೋಟೋದಲ್ಲಿ, ಅದೇ ಎತ್ತರದಲ್ಲಿ ಇರಲಿ. ಅಕ್ಟೋಬರ್ ಮಧ್ಯದಲ್ಲಿ ಶುಕ್ರ ಒಂದು ಕಡೆ, ಸ್ವಾತಿ ಇನ್ನೊಂದು ಕಡೆ ಇದ್ದವು. ಎತ್ತರ ಬೇರೆ ಆದರೆ ಗಾಳಿಯ ಲೆಕ್ಕ ಕಳೆದೇ ಹೋಲಿಸಬೇಕು.

ಇನ್ನೊಂದು, ಸುತ್ತಲಿನ ಮಂಜನ್ನು ಪೂರ್ತಿ ಸೇರಿಸಿ ಅಳೆಯಿರಿ. ನಡುವಿನ ಚುಕ್ಕೆಗೆ ಮಾತ್ರ ಚಿಕ್ಕ ವೃತ್ತ ಹಾಕಿದರೆ ಮಂಕಾಗಿಯೇ ಬರುತ್ತದೆ. ಪ್ರತಿ ದಿನ ಎಷ್ಟು ಅಗಲದ ವೃತ್ತ ಹಾಕಿದಿರಿ ಅಂತ ಬರೆದಿಡಿ.

13ರ ಸುಮಾರಿನ ಅಂಕಿಗಳನ್ನು ಗ್ರಾಫ್‌ನಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ. 9ರ ಹೊತ್ತಿಗೆ ಧೂಮಕೇತು ಹೆಚ್ಚುಕಡಿಮೆ ನಮ್ಮ ಮತ್ತು ಸೂರ್ಯನ ನಡುವೆ ಇತ್ತು. ಅದರ ಧೂಳು ಬೆಳಕನ್ನು ನಮ್ಮ ಕಡೆಗೇ ಚದುರಿಸಿ ತುಂಬಾ ಹೊಳೆಯಿತು. ಸೂರ್ಯನನ್ನು ನೋಡುವ ಸೋಹೋ ನೌಕೆಯ ಕ್ಯಾಮೆರಾದಲ್ಲೂ ಕಂಡಿತ್ತು. ಅದರ ಉಳಿಕೆ ಕೆಲವು ದಿನ ಇರುತ್ತದೆ, ಸೂತ್ರದಲ್ಲಿ ಅದಕ್ಕೆ ಜಾಗ ಇಲ್ಲ. ಅವನ್ನೂ ಸೇರಿಸಿ ಎನ್ ಬೆಲೆ ತೆಗೆದರೆ ಉತ್ತರ ಕೆಡುತ್ತದೆ. 18ರ ನಂತರದ ಅಂಕಿಗಳಿಂದ ಮಾತ್ರ ತೆಗೆದು ನೋಡಿ, 4ಕ್ಕೆ ಎಷ್ಟು ಹತ್ತಿರ ಬರುತ್ತದೆ ಅಂತ ಇಲ್ಲೇ ಹಾಕಿ. ಆಮೇಲೆ ಧೂಮಕೇತು ಅಳತೆಗಳನ್ನು ಸೇರಿಸಿಡುವ ಕೋಬ್ಸ್ ಡೇಟಾಬೇಸ್‌ನಲ್ಲಿರುವ ಬೇರೆಯವರ ಅಳತೆಗಳ ಜೊತೆ ಇಟ್ಟು ನೋಡೋಣ.