ಬೆನ್ನಿನ ಆಪರೇಷನ್ ನೋವಿಗೆ ಯಾವ ಬ್ಲಾಕ್ ಒಳ್ಳೇದು?

ಪ್ರಶ್ನೆ (ಬದಿಯಡ್ಕ): ಅಪ್ಪನಿಗೆ ಮಂಗಳೂರಿನಲ್ಲಿ ಸೊಂಟದ ಡಿಸ್ಕ್ ಆಪರೇಷನ್ ಇದೆ. ನೋವಿಗೆ ಇಎಸ್‌ಪಿ ಅಥವಾ ಟಿಲಿಪ್ ಅನ್ನುವ ಬ್ಲಾಕ್ (ನರ ಮರಗಟ್ಟಿಸುವ ಸೂಜಿಮದ್ದು) ಕೊಡುತ್ತಾರಂತೆ. ಯಾವುದು ಒಳ್ಳೇದು ಡಾಕ್ಟ್ರೇ? ಬೆನ್ನಿಗೆ ಸೂಜಿ ಅಂದ ಕೂಡಲೇ ಅಪ್ಪ ಹೆದರಿದ್ದಾರೆ.

ಉತ್ತರ (ಅರಿವಳಿಕೆ ವೈದ್ಯರು): ಹೆದರುವುದು ಬೇಡ. ಸಾಮಾನ್ಯವಾಗಿ ಪೂರ್ತಿ ಮಂಪರು ಬಂದ ಮೇಲೆ ಕವುಚಿ ಮಲಗಿಸಿ ಕೊಡುತ್ತಾರೆ, ಗೊತ್ತೇ ಆಗುವುದಿಲ್ಲ. ಸೂಜಿ ಬೆನ್ನುಹುರಿಗೆ ಹೋಗುವುದೂ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಬೆನ್ನಿನ ಮಾಂಸಖಂಡಗಳ ಪದರಕ್ಕೆ ಮರಗಟ್ಟಿಸುವ ಮದ್ದು ಬಿಡುತ್ತಾರೆ.

ಟಿಲಿಪ್ 2015ರಲ್ಲಿ, ಇಎಸ್‌ಪಿ 2016ರಲ್ಲಿ ಬೆಳಕಿಗೆ ಬಂದವು. ಟಿಲಿಪ್‌ನಲ್ಲಿ ಮದ್ದು ಎರಡು ಬೆನ್ನುಸ್ನಾಯುಗಳ ನಡುವೆ ಸೇರಿ, ಬೆನ್ನಿಗೆ ಹೋಗುವ ಸಣ್ಣ ನರಗಳನ್ನಷ್ಟೇ ಮಲಗಿಸುತ್ತದೆ. ಇಎಸ್‌ಪಿಯಲ್ಲಿ ಸ್ನಾಯುವಿನ ಅಡಿಗೆ, ಕಶೇರುವಿನಿಂದ (ಬೆನ್ನೆಲುಬಿನ ಮಣಿಯಿಂದ) ಪಕ್ಕಕ್ಕೆ ಚಾಚಿದ ಎಲುಬಿನ ಮೇಲೆ ಬಿಡುವುದು. ಮದ್ದು ಮೇಲೆ ಕೆಳಗೆ ಜಾಸ್ತಿ ಹರಡುತ್ತದೆ. ಹಾಗಾಗಿ ನಾಲ್ಕೈದು ಕಡೆ ಸ್ಕ್ರೂ ಹಾಕುವ ದೊಡ್ಡ ಆಪರೇಷನ್‌ಗೆ ನನಗೆ ಇಎಸ್‌ಪಿ ಇಷ್ಟ. ಒಂದು ಡಿಸ್ಕ್‌ಗೆ ಎರಡೂ ನಡೆಯುತ್ತವೆ. ಬ್ಲಾಕ್ ಇಲ್ಲದವರಿಗಿಂತ ಬ್ಲಾಕ್ ಪಡೆದವರಿಗೆ ಮಾರ್ಫಿನ್ ಜಾತಿಯ ಮದ್ದು ಕಡಿಮೆ ಸಾಕಾಗುತ್ತದೆ, ಆದರೆ ಇವೆರಡರ ನಡುವೆ ಅಂಥ ವ್ಯತ್ಯಾಸವೇನಿಲ್ಲ. ಕೊಡುವ ಡಾಕ್ಟರ ಕೈ ಯಾವುದಕ್ಕೆ ಪಳಗಿದೆಯೋ ಅದೇ ಆಗಲಿ.

ಪ್ರಶ್ನೆ (ಮಂಜೇಶ್ವರ): ಬ್ಲಾಕ್ ಕೊಟ್ಟು ಬೆನ್ನಿನ ಆಪರೇಷನ್ ಆದ ದಿನ ನಮ್ಮಮ್ಮ ಸಂಜೆ ನಗುತ್ತಾ ಮಾತಾಡಿದವರು, ನಡುರಾತ್ರಿ ನೋವಿಗೆ ಅತ್ತರು. ಬ್ಲಾಕ್ ಸರಿ ಬೀಳಲಿಲ್ಲವಾ?

ಉತ್ತರ: ಬಿದ್ದಿದೆ, ಇಳಿದಿದೆ ಅಷ್ಟೇ. ಒಂದೇ ಸಲ ಕೊಟ್ಟ ಬ್ಲಾಕ್ ಕೆಲವು ಗಂಟೆ ಇರುತ್ತದೆ, ರಾತ್ರಿ ಹೊತ್ತಿಗೆ ಇಳಿಯುವುದು ಮಾಮೂಲು. ಅದಕ್ಕೇ ನೋವಿಲ್ಲದಾಗಲೂ ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ ಕೊಡಬೇಕು. "ಈಗ ನೋವೇ ಇಲ್ಲ, ಮಾತ್ರೆ ಯಾಕೆ" ಅಂತ ತಲೆದಿಂಬಿನಡಿ ಇಡುವವರು ನಮ್ಮಲ್ಲಿ ತುಂಬ ಜನ!

ಪ್ರಶ್ನೆ (ಬದಿಯಡ್ಕ): ಕಾಲು ಮರಗಟ್ಟಿದರೆ?

ಉತ್ತರ: ಅದನ್ನು ಬ್ಲಾಕ್‌ನದ್ದು ಅಂತ ಸುಮ್ನೆ ಬಿಡಬೇಡಿ. ಇಎಸ್‌ಪಿ ಮದ್ದು ಅಪರೂಪಕ್ಕೆ ಮುಂದಕ್ಕೆ ಹರಡಿ ಕಾಲು ಸೋಲುವುದುಂಟು. ಆದರೆ ಒಳಗೆ ರಕ್ತ ಹೆಪ್ಪುಗಟ್ಟಿ ನರ ಒತ್ತಿದರೂ ಹಾಗೇ ಕಾಣುತ್ತದೆ. ಪಾದ ಎತ್ತಲು ಬರದಿದ್ದರೆ, ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ಆಗಲೇ ನರ್ಸ್‌ಗೆ ಹೇಳಿ, ಬೆಳಗಾಗಲಿ ಅನ್ನಬೇಡಿ. ಅಪ್ಪ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಊರಿನ ಡಾಕ್ಟರ ಚೀಟಿಗಳನ್ನೆಲ್ಲ ಮಂಗಳೂರಿಗೆ ಕೊಂಡುಹೋಗಿ. ನೋವಿನ ಮಾತ್ರೆ ಯಾವುದು ಅನ್ನುವುದು ಅದರ ಮೇಲೆ ನಿಂತಿದೆ.