ಪ್ರಶ್ನೋತ್ತರ: 4,29,49,67,297 ಅವಿಭಾಜ್ಯವೇ?

ಸದಸ್ಯ 1: ಮೇಡಂ, 2³² + 1, ಅಂದರೆ 4,29,49,67,297 ಅವಿಭಾಜ್ಯವೇ? 13ರವರೆಗೆ ಭಾಗಿಸಿ ನೋಡಿದೆ, ಪ್ರತಿ ಸಲ ಶೇಷ ಉಳಿಯಿತು.

ಗಣಿತ ಅಧ್ಯಾಪಕಿ: ಅಲ್ಲ. ಇದು 641 × 67,00,417. ನೀವು ನಿಲ್ಲಿಸಿದ್ದರಲ್ಲಿ ತಪ್ಪಿಲ್ಲ. ಇದೇ ಸಾಲಿನ (2¹, 2², 2⁴, 2⁸, 2¹⁶ಕ್ಕೆ 1 ಕೂಡಿಸಿದರೆ ಬರುವ) 3, 5, 17, 257, 65,537 ಅವಿಭಾಜ್ಯ. ಅವನ್ನು ನೋಡಿ ಗಣಿತಜ್ಞ ಫರ್ಮಾ ಮುಂದಿನವೂ ಹಾಗೇ ಎಂದು ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು ಒಡೆದು ತೋರಿಸಿದರು.

ಸುಮ್ನೆ ಒಂದೊಂದಾಗಿ ಭಾಗಿಸಬೇಡಿ. ಈ ಸಂಖ್ಯೆಯ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ನೋಡಬೇಕಾದ್ದು 193, 257, 449, 577, 641. ಐದನೆಯದಕ್ಕೇ ಸಿಕ್ಕಿತು!

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಇದು. 641 = 5 × 2⁷ + 1. ಹಾಗೇ 641 = 5⁴ + 2⁴. ಮೊದಲನೆಯದರ ಪ್ರಕಾರ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1, ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ. ನಾಲ್ಕನೇ ಘಾತಕ್ಕೆ ಏರಿಸಿ: 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ಕ್ಕೂ −2⁴ಕ್ಕೂ ಶೇಷ ಒಂದೇ, ಆದ್ದರಿಂದ 5⁴ರ ಜಾಗಕ್ಕೆ −2⁴ ಹಾಕಿ. −2³²ಕ್ಕೆ ಶೇಷ 1. ಅಂದರೆ 2³² + 1ಕ್ಕೆ ಶೇಷ 0. ದೊಡ್ಡ ಭಾಗಾಕಾರ ಎಲ್ಲೂ ಬರಲಿಲ್ಲ ನೋಡಿ.

ಸದಸ್ಯ 2: ಫಾರ್ವರ್ಡ್ ಬಂದಿದೆ: "6ರ ಗುಣಕಕ್ಕೆ 1 ಕೂಡಿಸಿದರೂ ಕಳೆದರೂ ಅವಿಭಾಜ್ಯ. ಎಲ್ಲರಿಗೂ ಕಳಿಸಿ."

ಗಣಿತ ಅಧ್ಯಾಪಕಿ: 25. 35. ದಯವಿಟ್ಟು ಕಳಿಸಬೇಡಿ.

ಸದಸ್ಯ 3: ನನ್ನ ಪ್ರೋಗ್ರಾಂನಲ್ಲಿ ಈ ಸಂಖ್ಯೆ ಕೊಟ್ಟರೆ 1 ಅಂತ ತೋರಿಸುತ್ತದೆ.

ಸದಸ್ಯ 4: 32 ಬಿಟ್‌ನಲ್ಲಿ 4,29,49,67,295ರವರೆಗೆ ಮಾತ್ರ ಹಿಡಿಯುತ್ತದೆ. ಆಮೇಲೆ ಮತ್ತೆ 0, 1. 64 ಬಿಟ್ ಬಳಸಿ.

ಸದಸ್ಯ 5: 1 ಬಂದರೂ ಅದು ಅವಿಭಾಜ್ಯವೇ ಅಲ್ವಾ?

ಸದಸ್ಯ 4: ಅಲ್ಲ. ಎರಡು ಬೇರೆ ಬೇರೆ ಭಾಜಕಗಳಿರಬೇಕು. 1ಕ್ಕೆ ಇರುವುದು ಒಂದೇ.

ಸದಸ್ಯ 5: ಹಳೆಯ ಪುಸ್ತಕಗಳಲ್ಲಿ 1ನ್ನೂ ಸೇರಿಸುತ್ತಿದ್ದರು.

ಸದಸ್ಯ 4: ಸೇರಿಸಿದರೆ 6 = 2 × 3, 1 × 2 × 3, 1 × 1 × 2 × 3. ಅಪವರ್ತನ ಒಂದೇ ಬಗೆ ಎಂಬ ಮಾತೇ ಬಿದ್ದುಹೋಗುತ್ತದೆ.

ಸದಸ್ಯ 5: ನಾನು ಕೇಳಿದ್ದು ಮೇಡಂ ಅವರನ್ನು.

ಸದಸ್ಯ 6: ಮೇಡಂ, 641 ಬಾಹುಗಳ ಸಮ ಬಹುಭುಜವನ್ನು ಬರೀ ಕೈವಾರ, ಪಟ್ಟಿಯಿಂದ ರಚಿಸಬಹುದೇ?

ಸದಸ್ಯ 2: ಇನ್ನೊಂದು ಬಂತು: "2ⁿ − 2 ಅನ್ನು n ನಿಶ್ಶೇಷವಾಗಿ ಭಾಗಿಸಿದರೆ n ಅವಿಭಾಜ್ಯ. ಎಂದೂ ತಪ್ಪುವುದಿಲ್ಲ."

ಗಣಿತ ಅಧ್ಯಾಪಕಿ: ಇದು ಹೆಚ್ಚು ಅಪಾಯ. 340ರವರೆಗೆ ಎಲ್ಲಿ ನೋಡಿದರೂ ಸರಿಯಾಗೇ ಕಾಣುತ್ತದೆ. 341ರಲ್ಲಿ ಕೈಕೊಡುತ್ತದೆ, ಅದು 11 × 31. ನಮ್ಮ ಸಂಖ್ಯೆಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಅದನ್ನೇ n ಎನ್ನಿ. ಅದರಿಂದ ಭಾಗಿಸಿದರೆ 2³²ಕ್ಕೆ ಶೇಷ −1, ಆದ್ದರಿಂದ 2⁶⁴ಕ್ಕೆ ಶೇಷ 1. n − 1 ಅಂದರೆ 2³², ಅದು 64ರ ಗುಣಕ. ಹಾಗಾಗಿ 2ರ n − 1ನೇ ಘಾತಕ್ಕೂ ಶೇಷ 1 ಬರುತ್ತದೆ. 2ರಿಂದ ಗುಣಿಸಿದರೆ 2ⁿಕ್ಕೆ ಶೇಷ 2, ಅಂದರೆ 2ⁿ − 2ಕ್ಕೆ ಶೇಷ 0. ಫೇಲಾದರೆ ಅವಿಭಾಜ್ಯ ಅಲ್ಲ ಎನ್ನಿ. ಪಾಸಾದರೆ ಏನೂ ಎನ್ನಬೇಡಿ.

ಸದಸ್ಯ 7: ಹಾಗಾದರೆ ಇದು ಅವಿಭಾಜ್ಯವೇ?

ಗಣಿತ ಅಧ್ಯಾಪಕಿ: ಅಲ್ಲ. ಮೇಲೆ ಓದಿ.

ಸದಸ್ಯ 8: ಅಂಕಿಗಳ ಮೊತ್ತ 59. ಅದು ಅವಿಭಾಜ್ಯ. ಅಂದಮೇಲೆ ಇದೂ ಅವಿಭಾಜ್ಯವೇ.

ಗಣಿತ ಅಧ್ಯಾಪಕಿ: 59 ಹೇಳುವುದು 3ರಿಂದ ಭಾಗವಾಗದು ಎಂದಷ್ಟೇ. 641 × 67,00,417. ಗುಣಿಸಿ ನೋಡಿ, ಆಮೇಲೆ ಬರೆಯಿರಿ.

ಸದಸ್ಯ 5: 1ರ ಬಗ್ಗೆ ಮೇಡಂ ಇನ್ನೂ ಹೇಳಲಿಲ್ಲ.

ಸದಸ್ಯ 4: ನಾನು ಹೇಳಿಯಾಯಿತಲ್ಲ.